ಫ್ಲೆಕ್ಸ್‌ನಲ್ಲಿ ಇಲ್ಲದ ಮಕ್ಕಳ ಲೆಕ್ಕ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದೊಳಗೆ ನಮ್ಮ ಹೋಬಳಿಯ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್‌ಗಳು ಏಳುತ್ತವೆ. ಖಾಸಗಿ ಶಾಲೆಯ ಹೆಸರು, ಸಾಲಾಗಿ ಮಕ್ಕಳ ಫೋಟೊ, ಕೆಳಗೆ ದಪ್ಪಕ್ಷರದಲ್ಲಿ ‘ನೂರಕ್ಕೆ ನೂರು ಫಲಿತಾಂಶ’. ಜೂನ್ ಬರುವಷ್ಟರಲ್ಲಿ ಊರಿನ ಇನ್ನೂ ನಾಲ್ಕು ಮಕ್ಕಳು ಹಳದಿ ವ್ಯಾನ್ ಹತ್ತಿರುತ್ತಾರೆ. ಸರ್ಕಾರಿ ಶಾಲೆಯಲ್ಲಿ ದಾಖಲಾತಿ ಇಳಿದರೆ ಶಿಕ್ಷಕರು ಬೇರೆ ಕಡೆ ಹೋಗುತ್ತಾರೆ, ಶಿಕ್ಷಕರಿಲ್ಲ ಅಂತ ಇನ್ನಷ್ಟು ಮಕ್ಕಳು ಹೋಗುತ್ತಾರೆ. ಕೊನೆಗೆ ವಿಲೀನದ ಮಾತು ಬರುತ್ತದೆ.

ಮಗುವನ್ನು ಎಲ್ಲಿ ಸೇರಿಸಬೇಕು ಅನ್ನುವುದು ಅಪ್ಪ-ಅಮ್ಮನಿಗೆ ಬಿಟ್ಟದ್ದು, ಅದರಲ್ಲಿ ನಾವು ಬುದ್ಧಿ ಹೇಳುವುದಿಲ್ಲ. ನಮ್ಮ ತಕರಾರು ‘ಖಾಸಗಿ ಶಾಲೆ ಮಕ್ಕಳೇ ಮುಂದೆ: ಸಮೀಕ್ಷೆ’ ಎನ್ನುವ ಸುದ್ದಿಯ ಮೇಲೆ. ಕಾಲೇಜು ಮುಗಿಸಿದ ಹೊಸದರಲ್ಲಿ ಅಂಥದ್ದೊಂದು ಸುದ್ದಿಯನ್ನು ನಾವೂ ಬರೆದಿದ್ದೆವು. ಎರಡು ಅಂಕಿ ಪಕ್ಕಪಕ್ಕ ಇಟ್ಟು, ಯಾವುದು ದೊಡ್ಡದೋ ಆ ಶಾಲೆ ಒಳ್ಳೆಯದು ಅಂದುಬಿಟ್ಟೆವು. ಯಾವ ಮಕ್ಕಳನ್ನು ಯಾವ ಮಕ್ಕಳ ಜೊತೆ ಹೋಲಿಸಿದ್ದಾರೆ ಅಂತ ಕೇಳಲೇ ಇಲ್ಲ.

ಹೊಲದ ವಿಷಯದಲ್ಲಾದರೆ ಈ ತಪ್ಪನ್ನು ನಮ್ಮೂರಲ್ಲಿ ಯಾರೂ ಮಾಡುವುದಿಲ್ಲ. ಬೋರ್‌ವೆಲ್ ಇರುವ ಹೊಲಕ್ಕೆ ಹೊಸ ತಳಿ, ಮಳೆ ನಂಬಿದ ಹೊಲಕ್ಕೆ ಹಳೆ ತಳಿ ಬಿತ್ತಿ ‘ನೋಡಿ, ಬೀಜದ ಮಹಿಮೆ’ ಅಂದರೆ ಕಟ್ಟೆ ಮೇಲೆ ಕೂತವರು ನಕ್ಕುಬಿಡುತ್ತಾರೆ. ಒಂದೇ ಹೊಲ ಅರ್ಧ ಮಾಡಿ ಬಿತ್ತಿ ತೋರಿಸು ಅನ್ನುತ್ತಾರೆ. ಶಾಲೆಯ ಮಾತು ಬಂದಾಗ ಮಾತ್ರ ಸುಮ್ಮನೆ ನಂಬುತ್ತೇವೆ. ಫೀಸು ಕಟ್ಟುವ ಮನೆಗಳಲ್ಲಿ ಓದಿದ ಅಪ್ಪ-ಅಮ್ಮ ಇರುವುದು ಹೆಚ್ಚು, ಟ್ಯೂಷನ್ ಹೆಚ್ಚು, ಮಗುವನ್ನು ಕೂಲಿಗೆ ಕರೆದೊಯ್ಯುವುದು ಕಡಿಮೆ. ಆ ಮಗುವಿನ ಅಂಕದಲ್ಲಿ ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು?

ಇದನ್ನು ಬಿಡಿಸಿ ನೋಡಿದ ಅಧ್ಯಯನವೊಂದು ನಮ್ಮ ಪಕ್ಕದಲ್ಲೇ ನಡೆದಿದೆ. 2008ರಿಂದ ನಾಲ್ಕು ವರ್ಷ, ಆಗಿನ್ನೂ ಒಡೆಯದ ಆಂಧ್ರಪ್ರದೇಶದ ಐದು ಜಿಲ್ಲೆಗಳ 180 ಹಳ್ಳಿಗಳಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಅದನ್ನು ನಡೆಸಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅದರ ವಿಶ್ಲೇಷಣೆಯನ್ನು 2015ರಲ್ಲಿ ಪ್ರಕಟಿಸಿದರು.

ಮಾಡಿದ್ದು ಇಷ್ಟು. ಖಾಸಗಿ ಶಾಲೆಗೆ ಕಳಿಸಲು ಇಷ್ಟ ಇದ್ದವರಿಂದ ಅರ್ಜಿ ತೆಗೆದುಕೊಂಡರು. ಮೊದಲು ಹಳ್ಳಿಗಳ ಹೆಸರಲ್ಲೇ ಚೀಟಿ ಎತ್ತಿ ಅರ್ಧ ಹಳ್ಳಿಗಳನ್ನು ಆರಿಸಿದರು. ಆ ಹಳ್ಳಿಗಳೊಳಗೆ ಅರ್ಜಿ ಹಾಕಿದ ಮಕ್ಕಳ ಹೆಸರಲ್ಲಿ ಮತ್ತೆ ಚೀಟಿ. ಗೆದ್ದ ಮಗುವಿನ ಫೀಸು, ಪುಸ್ತಕ, ಸಮವಸ್ತ್ರದ ಖರ್ಚು ಯೋಜನೆಯದು. ಚೀಟಿಗೆ ಬಡವ-ಬಲ್ಲಿದ ಗೊತ್ತಿಲ್ಲ. ಹಾಗಾಗಿ ಗೆದ್ದವರು, ಸೋತವರು ಎರಡೂ ಕಡೆ ಒಂದೇ ತರದ ಮನೆಗಳು ಬಂದವು. ಒಂದೇ ಹೊಲ, ಅರ್ಧ ಅರ್ಧ. ಚೀಟಿ ಎರಡು ಸಲ ಯಾಕೆ ಅಂದರೆ, ಒಂದೇ ಊರಿನಿಂದ ಕೆಲವರು ಎದ್ದು ಹೋದಾಗ ಉಳಿದ ಮಕ್ಕಳ ಓದಿನ ಮೇಲೂ ಪರಿಣಾಮ ಆಗಬಹುದು. ಅದನ್ನು ತಿಳಿಯಲು ಯಾರೂ ಹೋಗದ ಹಳ್ಳಿಗಳೂ ಬೇಕು.

ಚೀಟಿ ಇಲ್ಲದೆ ಬರೀ ಅಂಕ ನೋಡಿದರೆ ಅಲ್ಲೂ ಖಾಸಗಿ ಶಾಲೆಯ ಮಕ್ಕಳೇ ಮುಂದಿದ್ದರು. ಗೆದ್ದವರನ್ನು ಸೋತವರ ಜೊತೆ ಹೋಲಿಸಿದಾಗ, ನಾಲ್ಕು ವರ್ಷದ ನಂತರವೂ ತೆಲುಗು ಮತ್ತು ಗಣಿತದಲ್ಲಿ ವ್ಯತ್ಯಾಸ ಸಿಗಲಿಲ್ಲ. ಸ್ಪಷ್ಟ ಮುನ್ನಡೆ ಕಂಡಿದ್ದು ಹಿಂದಿಯಲ್ಲಿ. ಅದನ್ನು ಖಾಸಗಿ ಶಾಲೆಗಳು ಕಲಿಸುತ್ತಿದ್ದವು, ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬಹುಮಟ್ಟಿಗೆ ಇರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಾವೂ ಅರ್ಧ ಸುದ್ದಿ ಬರೆದಂತೆ. ಖಾಸಗಿ ಶಾಲೆಗಳು ತೆಲುಗು, ಗಣಿತಕ್ಕೆ ಕಡಿಮೆ ಹೊತ್ತು ಕೊಟ್ಟೂ ಸರಿಸಮ ಬಂದಿದ್ದವು. ಒಂದು ಮಗುವಿಗೆ ಅವು ಮಾಡುತ್ತಿದ್ದ ಖರ್ಚು ಸರ್ಕಾರಿ ಶಾಲೆಯ ಖರ್ಚಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆದ್ದರಿಂದ ಅವುಗಳ ಕೆಲಸ ದುಡ್ಡಿಗೆ ತಕ್ಕದ್ದಕ್ಕಿಂತ ಮೇಲು ಎಂದು ಅರ್ಥಶಾಸ್ತ್ರಜ್ಞರು ಓದಿದರು. ಬಡ ಮಕ್ಕಳ ಕಲಿಕೆಗೆ ಖಾಸಗಿ ಶಾಲೆಯಿಂದ ಹೆಚ್ಚಿನದೇನೂ ಸಿಗಲಿಲ್ಲ ಎಂಬುದು ಫೌಂಡೇಶನ್ ಕಡೆಯ ಓದು. ಅಂಕಿ ಅವೇ, ತೀರ್ಮಾನ ಎರಡು, ಸುಳ್ಳು ಯಾವುದೂ ಅಲ್ಲ. (ಆ ಕಡಿಮೆ ಖರ್ಚಿನ ಗುಟ್ಟು ಶಿಕ್ಷಕರ ಸಂಬಳ. ಸರ್ಕಾರಿ ಶಿಕ್ಷಕರಿಗೆ ಸಿಗುತ್ತಿದ್ದುದಕ್ಕಿಂತ ಅವರಿಗೆ ತುಂಬಾ ಕಡಿಮೆ ಸಿಗುತ್ತಿತ್ತು. ಬಿ.ಎಡ್ ಮಾಡಿ ವ್ಯಾನ್ ಹತ್ತಿ ಹೋಗುವ ನಮ್ಮ ಗೆಳತಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

ಮತ್ತೆ, ಆಂಧ್ರದ ಆ ಊರು, ಆ ವರ್ಷ, ಆ ಪ್ರಾಥಮಿಕ ತರಗತಿಗಳ ಮಾತನ್ನು ತಂದು ಇವತ್ತಿನ ಬೀದರ್‌ಗೋ ಚಾಮರಾಜನಗರಕ್ಕೋ ಹಾಗೇ ಅಂಟಿಸಲು ಬರುವುದಿಲ್ಲ. ನಾವು ಅದರಿಂದ ಎತ್ತಿಕೊಳ್ಳುವುದು ಹೋಲಿಸುವ ರೀತಿಯನ್ನು. ಗೆದ್ದೂ ಹೋಗದ ಮಕ್ಕಳಿದ್ದರು, ಹೋಗಿ ವಾಪಸ್ ಬಂದವರಿದ್ದರು. ಅವರನ್ನೂ ಗೆದ್ದವರ ಲೆಕ್ಕದಲ್ಲೇ ಇಟ್ಟರು. ಕೊನೆತನಕ ಉಳಿದವರನ್ನಷ್ಟೇ ಎಣಿಸಿದ್ದರೆ ಲೆಕ್ಕ ಚೆಂದ ಕಾಣುತ್ತಿತ್ತು, ಆದರೆ ಕೆಟ್ಟಿರುತ್ತಿತ್ತು. ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆಯವರು ಶಾಲೆ ಬಿಟ್ಟು ಮನೆಮನೆಗೆ ಬಂದು ಮಕ್ಕಳಿಂದ ಓದಿಸುವುದೂ ಇದಕ್ಕೇ. ಶಾಲೆಯಲ್ಲಿ ಪರೀಕ್ಷೆ ಕೊಟ್ಟರೆ ಅಂದು ಗೈರಾದವರು, ಶಾಲೆ ಬಿಟ್ಟವರು ಲೆಕ್ಕಕ್ಕೇ ಸಿಗುವುದಿಲ್ಲ.

ಈಗ ಆ ಫ್ಲೆಕ್ಸ್‌ ಮುಂದೆ ಇನ್ನೊಮ್ಮೆ ನಿಲ್ಲಿ. ನೂರಕ್ಕೆ ನೂರು ಸರಿ, ಎಷ್ಟು ಮಕ್ಕಳಿಗೆ ನೂರು? ಒಂಬತ್ತನೇ ತರಗತಿಯಲ್ಲಿ ‘ಇವನು ಪಾಸಾಗಲ್ಲ, ಟಿ.ಸಿ. ತಗೊಂಡ್ಹೋಗಿ’ ಅನ್ನಿಸಿಕೊಂಡು ಸರ್ಕಾರಿ ಶಾಲೆಗೆ ಬಂದ ಹುಡುಗರು ನಿಮ್ಮ ಊರಲ್ಲೂ ಇರಬಹುದು. ಅವರು ಫೇಲಾದರೆ ಆ ಫೇಲು ಸರ್ಕಾರಿ ಶಾಲೆಯ ಖಾತೆಗೆ, ಫ್ಲೆಕ್ಸ್ ಮಾತ್ರ ಹಾಗೇ ನೂರಕ್ಕೆ ನೂರು.

ಈ ಜೂನಿನಲ್ಲಿ ವ್ಯಾನ್‌ನವರು ಮನೆಗೆ ಬಂದರೆ, ಎಂಟನೇ ತರಗತಿಗೆ ಎಷ್ಟು ಮಕ್ಕಳು ಸೇರಿದ್ದರು, ಹತ್ತರ ಪರೀಕ್ಷೆಗೆ ಎಷ್ಟು ಮಂದಿ ಕೂತರು ಅಂತ ಕೇಳಿ. ಅದೇ ಪ್ರಶ್ನೆಯನ್ನು ಎಸ್‌ಡಿಎಂಸಿ ಸಭೆಯಲ್ಲಿ ನಿಮ್ಮ ಸರ್ಕಾರಿ ಶಾಲೆಗೂ ಕೇಳಿ. ಎರಡೂ ಕಡೆ ಏನು ಹೇಳಿದರು ಅಂತ ನಮಗೆ ಬರೆದು ಕಳಿಸಿ.