ಕೈಗೊಂದು ಹಗುರ ಲ್ಯಾಪ್‌ಟಾಪ್, ಮೇಜಿಗೊಂದು ಬಲಿಷ್ಠ ಗಣಕ: ದುಂದೋ, ಜಾಣತನವೋ?

ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನ ಬಹುಪಾಲು ಗಣಕಗಳಿಗೆ ವಿಂಡೋಸ್ 11 ಅಧಿಕೃತವಾಗಿ ಲಭ್ಯವಿಲ್ಲ. ಅದೇ ವರ್ಷಾಂತ್ಯದಲ್ಲಿ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ಏರಿತು. ಹಳೆಯದನ್ನು ನೆಚ್ಚುವಂತಿಲ್ಲ, ಹೊಸದು ದುಬಾರಿ. ಇಂತಹ ಇಕ್ಕಟ್ಟಿನಲ್ಲಿ ‘ಎಲ್ಲಕ್ಕೂ ಆಗುತ್ತದೆ’ ಎಂದು ಒಂದೇ ಭಾರಿ ಬೆಲೆಯ ಲ್ಯಾಪ್‌ಟಾಪ್ ಕೊಳ್ಳುವುದು ಸಹಜ. ಆದರೆ ಅದು ನಿಜಕ್ಕೂ ಉಳಿತಾಯವೇ?

ಹೆಸರೊಂದೇ, ಸತ್ವ ಬೇರೆ

ಲ್ಯಾಪ್‌ಟಾಪ್‌ನ ಶಕ್ತಿಗೆ ಮಿತಿ ಹಾಕುವುದು ಶಾಖ. ತೆಳು ಲ್ಯಾಪ್‌ಟಾಪ್‌ಗಳ ಪ್ರೊಸೆಸರ್‌ಗಳನ್ನು ಸಾಮಾನ್ಯವಾಗಿ 15 ವ್ಯಾಟ್ ಆಸುಪಾಸಿನ ವಿದ್ಯುತ್ತಿಗೆ ರೂಪಿಸಲಾಗುತ್ತದೆ. ಡೆಸ್ಕ್‌ಟಾಪ್‌ನವು 65ರಿಂದ 125 ವ್ಯಾಟ್‌ವರೆಗಿನವು. ಎನ್ವಿಡಿಯಾದ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡನ್ನೇ ನೋಡಿ. ಡೆಸ್ಕ್‌ಟಾಪ್ ಆವೃತ್ತಿಯಲ್ಲಿ 16,384 ಕೋರ್‌ಗಳಿವೆ. ಅದೇ ಹೆಸರಿನ ಲ್ಯಾಪ್‌ಟಾಪ್ ಆವೃತ್ತಿಯಲ್ಲಿ 9,728 ಮಾತ್ರ. ಹೆಸರು ನೋಡಿ ಹಣ ತೆತ್ತವನಿಗೆ ಈ ಅಂತರ ತಿಳಿದಿರುವುದಿಲ್ಲ.

ದುರಸ್ತಿಯ ಮಾತೂ ಅಷ್ಟೇ. ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಮದರ್‌ಬೋರ್ಡಿಗೆ ಬೆಸೆದಿರುತ್ತಾರೆ. ಕೊಂಡ ದಿನದ ಪ್ರಮಾಣವೇ ಕೊನೆಯವರೆಗೂ. ಸಾಮಾನ್ಯ ಡೆಸ್ಕ್‌ಟಾಪ್‌ಗೆ ಇಂದು 16 ಜಿಬಿ ಹಾಕಿಸಿ, ಬೆಲೆ ಇಳಿದಾಗ ಹೆಚ್ಚಿಸಬಹುದು. ಮೇಲಾಗಿ, ಮನೆಯ ಅತ್ಯಂತ ದುಬಾರಿ ಉಪಕರಣವನ್ನು ನಿತ್ಯ ಬಸ್ಸು, ಮೆಟ್ರೋಗಳಲ್ಲಿ ಹೊತ್ತು ತಿರುಗುವ ಅಪಾಯವೂ ತಪ್ಪುತ್ತದೆ.

ಕಿಟಕಿಯಾಗಿ ಲ್ಯಾಪ್‌ಟಾಪ್

ವಿಡಿಯೋ ಸಂಕಲನ, ಕಟ್ಟಡ ವಿನ್ಯಾಸದಂತಹ ಭಾರದ ಕೆಲಸ ಡೆಸ್ಕ್‌ಟಾಪ್‌ಗೆ. ಬರವಣಿಗೆ, ಸಭೆ, ಮಿಂಚಂಚೆಗಳು ಲ್ಯಾಪ್‌ಟಾಪ್‌ಗೆ. ಅಗತ್ಯ ಬಿದ್ದಾಗ ರಿಮೋಟ್ ಡೆಸ್ಕ್‌ಟಾಪ್ ತಂತ್ರಾಂಶದ ಮೂಲಕ ಹೊರಗಿನಿಂದಲೇ ಮನೆಯ ಗಣಕವನ್ನು ನಡೆಸಬಹುದು. ಆಗ ಜಾಲದಲ್ಲಿ ಹರಿಯುವುದು ಪರದೆಯ ಚಿತ್ರ, ಧ್ವನಿ ಹಾಗೂ ಕೀಲಿಮಣೆ, ಮೌಸ್‌ಗಳ ಸೂಚನೆ ಮಾತ್ರ, ದುಡಿಮೆಯೆಲ್ಲ ಮನೆಯಲ್ಲೇ. ವಿಂಡೋಸ್‌ನ ಹೋಮ್ ಆವೃತ್ತಿಯಿರುವ ಗಣಕಕ್ಕೆ ಮೈಕ್ರೋಸಾಫ್ಟ್‌ನ ಈ ಸೌಲಭ್ಯದಿಂದ ಹೀಗೆ ಪ್ರವೇಶಿಸಲಾಗದು, ಪ್ರೊ ಆವೃತ್ತಿ ಬೇಕು. ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಉಚಿತ ಪರ್ಯಾಯ. ಆದರೆ ಮನೆಯ ಗಣಕವನ್ನು ಅಂತರಜಾಲಕ್ಕೆ ನೇರವಾಗಿ ತೆರೆದಿಡುವುದು ಕಳ್ಳನಿಗೆ ಕೀಲಿಕೈ ಕೊಟ್ಟಂತೆ.

ಈ ಜೋಡಿ ವ್ಯವಸ್ಥೆಗೂ ಬೆಲೆಯಿದೆ. ವಿದ್ಯುತ್ ಅಥವಾ ಇಂಟರ್‌ನೆಟ್ ಕೈಕೊಟ್ಟರೆ ಕಿಟಕಿ ಮುಚ್ಚಿದಂತೆಯೇ, ಯುಪಿಎಸ್ ಅನಿವಾರ್ಯ. ಎರಡೂ ಕಡೆ ಕಡತಗಳನ್ನು ತಾನಾಗಿ ಹೊಂದಿಸುವ ಸೇವೆಯನ್ನು ಬ್ಯಾಕಪ್ ಎಂದು ಭ್ರಮಿಸಬಾರದು: ಒಂದೆಡೆ ಅಳಿಸಿದ್ದು ಇನ್ನೊಂದೆಡೆಯೂ ಅಳಿಯುತ್ತದೆ. ಕನ್ನಡಿಗರಿಗೆ ಇನ್ನೊಂದು ತೊಡಕು ಹಳೆಯ ಎನ್‌ಕೋಡಿಂಗ್‌ನ ನುಡಿ, ಬರಹ ಕಡತಗಳದ್ದು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅಕ್ಷರಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಯೂನಿಕೋಡ್‌ಗೆ ಬದಲಾಗುವುದೇ ಪರಿಹಾರ.

ಎಲ್ಲರಿಗೂ ಎರಡು ಯಂತ್ರ ಬೇಕಿಲ್ಲ

ಟಿಪ್ಪಣಿ ಬರೆದು ಪಾಠ ಕೇಳುವ ವಿದ್ಯಾರ್ಥಿಗೆ ಮಧ್ಯಮ ದರ್ಜೆಯ ಒಂದು ಲ್ಯಾಪ್‌ಟಾಪ್ ಧಾರಾಳವಾಗಿ ಸಾಕು. ಆದರೆ ಗಣಕವೇ ಅನ್ನದ ದಾರಿಯಾದವರು ಖರೀದಿಗೆ ಮುನ್ನ ತಮ್ಮ ದಿನದ ಯಾವ ಕೆಲಸ ಭಾರದ್ದು, ಅದನ್ನು ಎಲ್ಲಿ ಕುಳಿತು ಮಾಡುತ್ತೇವೆ ಎಂದು ಲೆಕ್ಕ ಹಾಕುವುದು ಒಳಿತು. ಆ ಕೆಲಸ ಒಂದೇ ಕೋಣೆಯಲ್ಲಿ ನಡೆಯುವುದಾದರೆ ದೊಡ್ಡ ಹಣ ಹೋಗಬೇಕಾದ್ದು ಆ ಕೋಣೆಯ ಮೇಜಿಗೆ. ಕೈಚೀಲಕ್ಕೆ ಹೊಸದೇ ಬೇಕೆಂದೂ ಇಲ್ಲ. ವಿಂಡೋಸ್ 11 ಒಲ್ಲದ ಹಳೆಯ ಲ್ಯಾಪ್‌ಟಾಪ್, ಗಟ್ಟಿಮುಟ್ಟಾಗಿದ್ದರೆ, ಉಚಿತ ಲಿನಕ್ಸ್ ಹಾಕಿಸಿಕೊಂಡು ಆ ಕಿಟಕಿಯಾಗಿ ಇನ್ನೂ ಕೆಲವು ವರ್ಷ ಬಾಳೀತು.