ದೇಶದ ಸರಾಸರಿ ಉಷ್ಣತೆ: ಅಂಕಿಯೂ ಅದರ ಅರ್ಥವೂ

ಒಂದು ದೇಶದ ವಾರ್ಷಿಕ ಸರಾಸರಿ ಉಷ್ಣತೆ ಎಷ್ಟೆಂದು ತಿಳಿಯಬಯಸುವವನು ಹಿಂದೆ ಮುದ್ರಿತ ವರದಿಗಳನ್ನು ಹುಡುಕಿ ತೆಗೆದು, ಅಂಕಿಗಳನ್ನು ಒಂದೊಂದಾಗಿ ನಕಲು ಮಾಡಿಕೊಳ್ಳಬೇಕಾಗಿತ್ತು. ಈಗ ಗಣಕಯಂತ್ರಕ್ಕೆ ಒಂದು ಸಾಲಿನ ವಿಳಾಸವನ್ನು ಕೊಟ್ಟರೆ ಸಾಕು. ಒಂದು ಶತಮಾನದ ಅಂಕಿಗಳು ಕ್ಷಣಮಾತ್ರದಲ್ಲಿ ನಮ್ಮ ಮುಂದಿರುತ್ತವೆ. ಈ ಏರ್ಪಾಡಿಗೆ ಎಪಿಐ ಎಂದು ಹೆಸರು. ಒಂದು ಗಣಕವು ಮತ್ತೊಂದನ್ನು ಗೊತ್ತಾದ ಕ್ರಮದಲ್ಲಿ ಪ್ರಶ್ನಿಸಿ, ಗೊತ್ತಾದ ಕ್ರಮದಲ್ಲಿಯೇ ಉತ್ತರ ಪಡೆಯುವ ಕಟ್ಟಳೆ ಅದು.

ವಿಶ್ವಬ್ಯಾಂಕು ಇಂತಹ ಸೇವೆಯೊಂದನ್ನು ನಡೆಸುತ್ತಿದ್ದಿತು. ವಿಳಾಸದಲ್ಲಿ ಭಾರತಕ್ಕೆ 'ಐಎನ್‌ಡಿ' ಎಂದೂ ಕೆನಡಕ್ಕೆ 'ಸಿಎಎನ್' ಎಂದೂ ಮೂರಕ್ಷರದ ಸಂಕೇತವನ್ನು ಸೇರಿಸಿದರೆ, ಆಯಾ ದೇಶದ ಸರಾಸರಿ ಉಷ್ಣತೆ ೧೯೦೧ ಮೊದಲ್ಗೊಂಡು ವರ್ಷವಾರು ದೊರೆಯುತ್ತಿದ್ದಿತು. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯ ವಿಶ್ವವಿದ್ಯಾನಿಲಯದ ಹವಾಗುಣ ಸಂಶೋಧನ ಘಟಕವು ಸಿದ್ಧಪಡಿಸಿದ ಅಂಕಿಗಳು ಅವು. ಆ ಹಳೆಯ ವಿಳಾಸವು ಈಗ ನಿಂತುಹೋಗಿದೆಯಾದರೂ ಅಂತಹ ಅಂಕಿಗಳನ್ನೊದಗಿಸುವ ಬೇರೆ ಏರ್ಪಾಡುಗಳಿವೆ.

ಇದು ಸ್ವಾಗತಾರ್ಹವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸುಲಭವಾಗಿ ಕೈಗೆ ಬಂದ ಅಂಕಿಯನ್ನು ಉಷ್ಣತಾಮಾಪಕದ ನೇರ ವಾಚನವೆಂದು ಭಾವಿಸುವ ಅಪಾಯವೂ ಇದರೊಡನೆಯೇ ಬಂದಿದೆ. ದೇಶದ ಉಷ್ಣತೆಯನ್ನು ಅಳೆಯುವ ಮಾಪಕವು ಎಲ್ಲಿಯೂ ಇಲ್ಲ. ಅಲ್ಲಲ್ಲಿರುವ ವೀಕ್ಷಣಾಲಯಗಳ ಅಳತೆಗಳನ್ನು ಆಧಾರವಾಗಿಟ್ಟುಕೊಂಡು, ಭೂಪಟವನ್ನು ಅರ್ಧ ಡಿಗ್ರಿಯ ಚೌಕಗಳಾಗಿ ವಿಭಾಗಿಸಿ, ವೀಕ್ಷಣಾಲಯವಿಲ್ಲದ ಚೌಕಗಳಿಗೆ ನೆರೆಯ ಅಳತೆಗಳಿಂದ ಬೆಲೆಯನ್ನು ಅಂದಾಜು ಮಾಡಿ, ಕಡೆಗೆ ಎಲ್ಲದರ ಸರಾಸರಿಯನ್ನು ತೆಗೆಯುತ್ತಾರೆ.

ಈ ಕಡೆಯ ಹೆಜ್ಜೆಯೂ ಸರಳವಾದುದಲ್ಲ. ರೇಖಾಂಶಗಳು ಧ್ರುವದ ಕಡೆಗೆ ಒಂದನ್ನೊಂದು ಸಮೀಪಿಸುವುದರಿಂದ ೬೦ನೆಯ ಅಕ್ಷಾಂಶದಲ್ಲಿರುವ ಚೌಕದ ವಿಸ್ತೀರ್ಣವು ಭೂಮಧ್ಯರೇಖೆಯ ಚೌಕದ ಅರ್ಧದಷ್ಟು ಮಾತ್ರ. ೭೫ನೆಯದರಲ್ಲಿ ಸುಮಾರು ಕಾಲು ಭಾಗ. ಕೆನಡವು ೪೨ನೆಯ ಅಕ್ಷಾಂಶದ ಸಮೀಪದಿಂದ ೮೩ನೆಯದರವರೆಗೆ ಹರಡಿದೆ. ಅಲ್ಲಿನ ಚೌಕಗಳನ್ನೆಲ್ಲ ಸಮಾನವೆಂದೆಣಿಸಿ ಸರಾಸರಿ ತೆಗೆದರೆ ಉತ್ತರದ ಹಿಮಪ್ರದೇಶಕ್ಕೆ ಸಲ್ಲದ ತೂಕ ಬಂದು, ದೇಶವು ಇರುವುದಕ್ಕಿಂತ ಹೆಚ್ಚು ತಣ್ಣಗೆ ತೋರುವುದು.

ಇನ್ನೂ ಮುಖ್ಯವಾದುದು ಆಧಾರಾವಧಿಯ ಪ್ರಶ್ನೆ. ಭಾರತ ಹವಾಮಾನ ಇಲಾಖೆಯು ಪ್ರತಿ ವರ್ಷವೂ ದೇಶದ ಉಷ್ಣತೆಯು ವಾಡಿಕೆಗಿಂತ ಎಷ್ಟು ಹೆಚ್ಚಿತ್ತೆಂದು ಪ್ರಕಟಿಸುತ್ತದೆ. ಮೂವತ್ತು ವರ್ಷಗಳ ಸರಾಸರಿಯೇ ಈ 'ವಾಡಿಕೆ'. ೧೯೮೧–೨೦೧೦ರ ವಾಡಿಕೆಗೆ ಹೋಲಿಸಿದಾಗ ೨೦೧೬ರ ಹೆಚ್ಚಳವು ೦.೭೧ ಡಿಗ್ರಿ ಸೆಲ್ಸಿಯಸ್. ೧೯೯೧–೨೦೨೦ರದಕ್ಕೆ ಹೋಲಿಸಿದಾಗ ಅದೇ ವರ್ಷದ ಹೆಚ್ಚಳ ೦.೫೪ ಡಿಗ್ರಿ. ಕಳೆದುಹೋದ ವರ್ಷವು ಆಮೇಲೆ ತಣ್ಣಗಾಗಲಿಲ್ಲ, ವಾಡಿಕೆಯೇ ಮೇಲೇರಿತು. ೨೦೨೪ರ ಹೆಚ್ಚಳವು ಹೊಸ ವಾಡಿಕೆಯ ಮೇಲೆ ೦.೬೫ ಡಿಗ್ರಿ. ಇದನ್ನು ೨೦೧೬ರ ಹಳೆಯ ೦.೭೧ರ ಪಕ್ಕದಲ್ಲಿಟ್ಟವನು ದೇಶವು ತಂಪಾಯಿತೆಂದು ತೀರ್ಮಾನಿಸುವನು. ನಿಜಸ್ಥಿತಿಯೋ ಇದಕ್ಕೆ ತೀರ ವಿರುದ್ಧ: ೧೯೦೧ರಿಂದೀಚೆಗೆ ೨೦೨೪ರವರೆಗಿನ ವರ್ಷಗಳಲ್ಲಿ ಅತ್ಯಂತ ಬಿಸಿಯಾದುದು ೨೦೨೪. ಎರಡು ಅಂಕಿಗಳೂ ಸರಿಯೆ, ಹೋಲಿಕೆಯೊಂದೇ ತಪ್ಪು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಅಂಕಿಗಳನ್ನು ಒದಗಿಸುವ ಸಂಸ್ಥೆಗಳು ಆಧಾರಾವಧಿ, ಚೌಕದ ಅಳತೆ, ಸರಾಸರಿಯ ವಿಧಾನ, ಎಷ್ಟನೆಯ ಪರಿಷ್ಕರಣವೆಂಬ ವಿವರ, ಇವನ್ನು ಬೇರೊಂದು ಕೈಪಿಡಿಯಲ್ಲಿ ಅಡಗಿಸಿಡದೆ, ಉತ್ತರದೊಡನೆಯೇ ಕಳುಹಿಸತಕ್ಕದ್ದು. ಪಡೆಯುವವನು ಪಡೆದ ದಿನಾಂಕವನ್ನು ಗುರುತು ಹಾಕಿ ಪ್ರತಿಯೊಂದನ್ನು ತನ್ನಲ್ಲಿ ಕಾದಿರಿಸಿಕೊಳ್ಳಬೇಕು. ಇಂದು ಉತ್ತರ ಕೊಡುವ ವಿಳಾಸ ನಾಳೆ ಕೊಡದಿರಬಹುದು. ಇಷ್ಟೆಲ್ಲ ವಿವರ ವಿದ್ಯಾರ್ಥಿಗೆ ಹೊರೆಯಾಗುವುದೆಂದು ಕೆಲವರು ಹೇಳಬಹುದು. ಆದರೆ ಪ್ರಯೋಗಶಾಲೆಯಲ್ಲಿ ಮಾಪಕದ ಶೂನ್ಯದೋಷವನ್ನು ಮೊದಲು ನೋಡಿಕೊಳ್ಳಬೇಕೆಂದು ನಾವು ಅವನಿಗೆ ಕಲಿಸುವುದಿಲ್ಲವೆ? ದೂರದ ಗಣಕದಿಂದ ಬಂದ ಅಂಕಿಗೂ ಶೂನ್ಯ ಎಲ್ಲಿದೆಯೆಂದು ಕೇಳುವ ಅಭ್ಯಾಸವನ್ನು ಅದೇ ಪಾಠದ ಮುಂದಿನ ಭಾಗವಾಗಿ ಕಲಿಸಬೇಕು.