ರಕ್ತಸಂಚಾರ ಮರಳಿದಾಗ ಹೃದಯಕ್ಕಾಗುವ ನಷ್ಟ

ವಿದ್ಯುತ್ ಹೋಗಿ ಮರಳಿ ಬಂದಾಗ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಎಲ್ಲ ಮೋಟಾರುಗಳನ್ನು ಒಮ್ಮೆಲೇ ಚಾಲೂ ಮಾಡುವುದಿಲ್ಲ. ಅದರಿಂದಾಗುವ ಹಾನಿಯನ್ನು ಗಿರಣಿ ಮಾಲೀಕರಿಗೆ ಹೇಳಿಕೊಡಬೇಕಾಗಿಲ್ಲ. ನಿಂತ ರಕ್ತ ಮರಳಿ ಹರಿಯುವಾಗ ಹೃದಯಕ್ಕೂ ಇಂಥದೇ ಅಪಾಯವುಂಟೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಹೃದಯದ ರಕ್ತನಾಳದಲ್ಲಿ ಹೆಪ್ಪುಗಟ್ಟಿದರೆ ಆ ಭಾಗದ ಸ್ನಾಯು ಆಮ್ಲಜನಕವಿಲ್ಲದೆ ಸಾಯತೊಡಗುತ್ತದೆ. ನಾಳವನ್ನು ತೆರೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೆರೆದ ಮೊದಲ ನಿಮಿಷಗಳಲ್ಲಿ ನುಗ್ಗಿ ಬರುವ ಆಮ್ಲಜನಕವು ಬಳಲಿದ ಜೀವಕೋಶಗಳಲ್ಲಿ ಹಾನಿಕರ ಕಣಗಳನ್ನು ಹುಟ್ಟಿಸುತ್ತದೆ. ಕೋಶಗಳೊಳಗೆ ಕ್ಯಾಲ್ಸಿಯಂ ಮಿತಿಮೀರುತ್ತದೆ. ಉಳಿಯಬಹುದಾಗಿದ್ದ ಕೆಲವು ಕೋಶಗಳು ಆಗಲೇ ಸಾಯುತ್ತವೆ.

ಇದನ್ನು ತಡೆಯುವ ಪ್ರಯತ್ನಗಳು ಕಡಿಮೆಯೇನಲ್ಲ. ರಕ್ತನಾಳವನ್ನು ಮೊದಲೇ ಸ್ವಲ್ಪ ಸ್ವಲ್ಪ ಹೊತ್ತು ಮುಚ್ಚಿ ತೆರೆದರೆ ಮುಂದಿನ ಹಾನಿ ಬಹಳ ತಗ್ಗುವುದೆಂದು 1986ರಲ್ಲಿ ಅಮೆರಿಕದ ಸಂಶೋಧಕರು ನಾಯಿಗಳಲ್ಲಿ ಕಂಡರು. ಮನುಷ್ಯರಲ್ಲಿ ಆ ಭರವಸೆ ಫಲಿಸಲಿಲ್ಲ. ಸೈಕ್ಲೋಸ್ಪೋರಿನ್ ಔಷಧವು 2015ರ ದೊಡ್ಡ ಪರೀಕ್ಷೆಯಲ್ಲಿ ಸೋತಿತು. ತೋಳಿಗೆ ಪಟ್ಟಿ ಕಟ್ಟಿ ಬಿಗಿದು ಸಡಿಲಿಸುವ ವಿಧಾನವನ್ನು ಯುರೋಪಿನ ಐದು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿದಾಗ, 2019ರಲ್ಲಿ ಪ್ರಕಟವಾದ ಫಲಿತಾಂಶವೂ ನಿರಾಶಾದಾಯಕವೇ. ಹೀಗಾಗಿ ನಾಳ ಮುಚ್ಚಿದ್ದ ಕಾಲವನ್ನು ಕಡಿಮೆ ಮಾಡುವುದೇ ಇಂದಿಗೂ ನಂಬತಕ್ಕ ರಕ್ಷಣೆ.

ಈ ಕಾಲವನ್ನು ನಾವೇ ಹಾಳುಮಾಡುತ್ತೇವೆ. ಕೆಲವು ವರ್ಷಗಳ ಹಿಂದೆ ಮಾರ್ಚ್ ಅಂತ್ಯದಲ್ಲಿ ನನ್ನ ಕಕ್ಷಿದಾರರಾದ ಗಿರಣಿ ಮಾಲೀಕರೊಬ್ಬರು ದಾಸ್ತಾನು ಲೆಕ್ಕ ಮುಗಿಸಲು ನನ್ನೆದುರು ಕುಳಿತಿದ್ದರು. ಎದೆಯುರಿ ಎಂದರು. ಸೋಡಾ ತರಿಸಿಕೊಟ್ಟವನು ನಾನೇ! ನಾಲ್ಕು ಗಂಟೆಗಳ ಬಳಿಕ ಊರಿನ ಆಸ್ಪತ್ರೆಯನ್ನು ದಾಟಿಕೊಂಡು ಕಾರಿನಲ್ಲಿ ಹುಬ್ಬಳ್ಳಿಗೆ ಒಯ್ದರು. ಸ್ಟೆಂಟ್ ಹಾಕಿದರು, ರಕ್ತ ಹರಿಯಿತು. ಆದರೆ ಮಹಡಿ ಹತ್ತುವ ಶಕ್ತಿ ಅವರಿಗೆ ಮರಳಲಿಲ್ಲ.

ದೊಡ್ಡ ಊರಿನ ಆಸ್ಪತ್ರೆಯೇ ಲೇಸೆಂಬ ನಮ್ಮ ಭಾವನೆ ಇಲ್ಲಿ ದುಬಾರಿಯಾಗುತ್ತದೆ. 2021ರ ಅಕ್ಟೋಬರ್ 29ರಂದು ನಿಧನರಾದ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಸರ್ಕಾರ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯ ಕ್ರಮವೇ ಬೇರೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವ ಸಂಸ್ಥೆಯಂಥ ಕೇಂದ್ರದ ತಜ್ಞರು ದೂರದಿಂದಲೇ ನೋಡುತ್ತಾರೆ. ಅಗತ್ಯವಿದ್ದು ರೋಗಿಗೆ ರಕ್ತಸ್ರಾವದಂಥ ಬೇರೆ ಅಪಾಯವಿಲ್ಲವಾದರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ದೊಡ್ಡ ಆಸ್ಪತ್ರೆಯ ಪ್ರಯಾಣ ಆಮೇಲಿನದು.

ಆದರೆ ಯೋಜನೆ ಕಾಗದದ ಮೇಲಿದ್ದರೆ ಸಾಲದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಚುಚ್ಚುಮದ್ದು ದಾಸ್ತಾನಿದೆಯೇ, ರಾತ್ರಿ ಎರಡು ಗಂಟೆಗೂ ಇ.ಸಿ.ಜಿ. ತೆಗೆಯುವವರಿದ್ದಾರೆಯೇ ಎಂದು ನಮ್ಮ ಸಂಸ್ಥೆಯು ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಲಿಖಿತವಾಗಿ ಕೇಳಬೇಕು. ಬಂದ ಉತ್ತರವನ್ನು ಇದೇ ಪತ್ರಿಕೆಯಲ್ಲಿ ಅಚ್ಚುಮಾಡಿ, ಪ್ರತಿ ಗಿರಣಿಯ ಮತ್ತು ದಲಾಲಿ ಅಂಗಡಿಯ ಗೋಡೆಯ ಮೇಲೆ, ಹಮಾಲರಿಗೂ ಕಾಣುವಂತೆ, 108ರ ಸಂಖ್ಯೆಯೊಡನೆ ಅಂಟಿಸಬೇಕು. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ನಾನೇ ಮಂಡಿಸಲಿದ್ದೇನೆ; ಅನುಮೋದಿಸುವವರು ಬೇಕು.